ತೂಕದ ಮಾತು

ಸಿಇಟಿ ಕೌನ್ಸೆಲಿಂಗ್ ಮುಗಿದು ಹುಡುಗನಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು ಅಂದರೆ ಆ ಮನೆಗೆ ನೆಮ್ಮದಿ ಬಂತು ಅಂದುಕೊಳ್ಳಬೇಡಿ. ಸೀಟಿನ ಜಗಳ ಮುಗಿದ ಮಾರನೇ ದಿನವೇ ಲ್ಯಾಪ್‌ಟಾಪಿನ ಜಗಳ ಶುರು. ಅಪ್ಪನಿಗೆ ದುಡ್ಡಿನ ಚಿಂತೆ, ಅಮ್ಮನಿಗೆ ಮಗನ ಬೆನ್ನಿನ ಚಿಂತೆ, ಮಗನಿಗೆ ಗ್ರಾಫಿಕ್ಸ್ ಕಾರ್ಡಿನ ಚಿಂತೆ. ಸೋದರಮಾವ ಅಂತ ಒಬ್ಬ ಇದ್ದರೆ ಪಂಚಾಯಿತಿಗೆ ಅವನೇ.

"ಮಾಮ, ಆರ್‌ಟಿಎಕ್ಸ್ ಇಲ್ದೇ ಇದ್ರೆ ಕಾಲೇಜಿಗೆ ಹೋಗಿ ಏನೂ ಪ್ರಯೋಜನ ಇಲ್ಲ" ಅಂದ ಅಕ್ಕನ ಮಗ.

"ಯಾಕಪ್ಪಾ?"

"ಎಐ ಮಾಡೋದಿರುತ್ತೆ."

ಮೊದಲ ವರ್ಷ ಇವನು ಮಾಡುವುದು ಫಿಸಿಕ್ಸ್ ಸೈಕಲ್ಲು, ಕೆಮಿಸ್ಟ್ರಿ ಸೈಕಲ್ಲು, ನಡುವೆ ಒಂದಿಷ್ಟು ಸಿ ಪ್ರೋಗ್ರಾಮಿಂಗು. ಡೆನಿಸ್ ರಿಚಿ 1970ರ ದಶಕದ ಶುರುವಿನಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಕೂತು ಆ ಭಾಷೆ ಕಟ್ಟಿದಾಗ ಅವರ ಯಂತ್ರದ ಮೆಮೊರಿ ಕಿಲೋಬೈಟುಗಳ ಲೆಕ್ಕದಲ್ಲಿತ್ತು. ಇವನು ಕಳಿಸುವ ಒಂದು ಗುಡ್ ಮಾರ್ನಿಂಗ್ ಫೋಟೋ ಕೂಡ ಅದರಲ್ಲಿ ಹಿಡಿಸುತ್ತಿರಲಿಲ್ಲ. ಅಷ್ಟರಲ್ಲಿ ಅವರು ಯುನಿಕ್ಸನ್ನೇ ಓಡಿಸಿದರು. ಇವನಿಗೆ "ಹಲೋ ವರ್ಲ್ಡ್" ಅಂತ ಪರದೆ ಮೇಲೆ ಬರೆಸುವುದಕ್ಕೆ ಬಣ್ಣಬಣ್ಣದ ದೀಪ ಉರಿಯುವ ಕೀಬೋರ್ಡು ಬೇಕು. ಹಾಸ್ಟೆಲ್ಲಿನಲ್ಲಿ ರಾತ್ರಿ ಹನ್ನೊಂದರ ಮೇಲೆ ಎಂಥ ಎಐ ನಡೆಯುತ್ತದೆ ಅಂತ ನಮಗೂ ಗೊತ್ತು ಬಿಡಿ. ಆರ್ಕಿಟೆಕ್ಚರ್ ಓದುವವರು, ಕಟ್ಟಡಗಳ ತ್ರೀಡಿ ಚಿತ್ರ ರೆಂಡರ್ ಮಾಡುವವರು, ವಿಡಿಯೋ ಎಡಿಟಿಂಗಿನವರು ಕೇಳಿದರೆ ಅದು ನ್ಯಾಯ. ಅವರನ್ನು ಈ ಹರಟೆಗೆ ಎಳೆಯುವುದಿಲ್ಲ.

ಭಾವ ಇನ್ನೊಂದು ತುದಿ. ಅವರ ಲ್ಯಾಪ್‌ಟಾಪು ಒಂದು ಕಿಲೋಗೂ ಕಡಿಮೆ. ಮನೆಗೆ ಯಾರೇ ಬರಲಿ, ಕಾಫಿ ಬರುವುದರೊಳಗೆ ಅದನ್ನು ಎರಡೇ ಬೆರಳಲ್ಲಿ ಎತ್ತಿ ತೋರಿಸಿಬಿಡುತ್ತಾರೆ. "ಇಂಥದ್ದು ತಗೊಳ್ಳೋ, ಹೆಗಲ ಮೇಲೆ ಇದೆ ಅಂತಾನೇ ಗೊತ್ತಾಗಲ್ಲ" ಅಂತ ಮಗನಿಗೆ ಉಪದೇಶ. ಒಂದು ಭಾನುವಾರ ಅವರ ಬ್ಯಾಗಿನ ಜಿಪ್ಪು ಎಳೆದು ನೋಡಿದೆ. ತೆಳ್ಳಗಿನ ಯಂತ್ರಕ್ಕೆ ಇರುವುದು ಎರಡೇ ಟೈಪ್-ಸಿ ಕಿಂಡಿ. ಹಾಗಾಗಿ ಪೆನ್‌ಡ್ರೈವ್, ಪ್ರೊಜೆಕ್ಟರ್ ಎಲ್ಲ ಸಿಕ್ಕಿಸಲು ಒಂದು ಹಬ್ಬು, ಅದಕ್ಕೊಂದು ಬಾಲ. ಮೌಸು, ಪವರ್ ಬ್ಯಾಂಕು, ಹೆಡ್‌ಫೋನು, ಛತ್ರಿ, ಊಟದ ಡಬ್ಬಿ, ಯಾವುದೋ ಬ್ಯಾಂಕು ಕೊಟ್ಟ ಹೋದ ವರ್ಷದ ಡೈರಿ. ಎಲ್ಲಕ್ಕಿಂತ ಮೇಲೆ ಒಂದು ಲೀಟರಿನ ಸ್ಟೀಲ್ ಬಾಟಲಿ, ತುಂಬಿದ್ದು. ಲೀಟರು ನೀರು ಅಂದರೆ ಕಿಲೋ ನೀರು. ನಾನೂರು ಗ್ರಾಂ ಇಳಿಸಲು ಮೂವತ್ತು ಸಾವಿರ ಹೆಚ್ಚಿಗೆ ಎಣಿಸಿ ಕೊಟ್ಟ ಮನುಷ್ಯ ದಿನಾ ಬೆಳಿಗ್ಗೆ 500ಡಿ ಬಸ್ಸಿನಲ್ಲಿ ಇನ್ನೊಂದು ಲ್ಯಾಪ್‌ಟಾಪಿನಷ್ಟು ನೀರು ಹೊತ್ತು ನೇತಾಡುತ್ತಾರೆ.

"ಭಾವ, ಆಫೀಸಲ್ಲಿ ನೀರು ಸಿಗಲ್ವಾ?"

"ಸಿಗತ್ತೆ. ಆರ್‌ಓ ನೀರು, ನಂಗೆ ಸೇರಲ್ಲ."

ಈ ಹೊರುವ ಕಥೆ ಹಳೇದು. 1981ರಲ್ಲಿ ಅಮೆರಿಕದಲ್ಲಿ ಆಸ್ಬೋರ್ನ್-1 ಎಂಬ ಕಂಪ್ಯೂಟರ್ ಬಂತು. ಕೈಯಲ್ಲಿ ಹಿಡಿದು ಒಯ್ಯಬಹುದಾದದ್ದು ಅಂತ ಜಾಹೀರಾತು. ತೂಕ ಸುಮಾರು ಹನ್ನೊಂದು ಕಿಲೋ! ಐದು ಇಂಚಿನ ಪರದೆ, ಒಳಗೆ ಬ್ಯಾಟರಿಯೇ ಇಲ್ಲ. ಅಂದರೆ ಹೊತ್ತುಕೊಂಡು ಎಲ್ಲಿಗಾದರೂ ಹೋಗಬಹುದು, ಹೋದ ಕಡೆ ಗೋಡೆಯಲ್ಲಿ ಪ್ಲಗ್ಗು ಇರಬೇಕು, ಅಷ್ಟೇ. ವಿಮಾನದ ಸೀಟಿನ ಕೆಳಗೆ ಹಿಡಿಸುತ್ತದೆ ಅನ್ನುವುದೇ ಅದರ ದೊಡ್ಡ ಹೆಗ್ಗಳಿಕೆ. ಮುಗಿಬಿದ್ದು ಕೊಂಡರು ಜನ. ಮಾಡಿದಾತ ಆಡಂ ಆಸ್ಬೋರ್ನ್, ನಮಗೆ ತೀರಾ ಹೊರಗಿನವರಲ್ಲ; ತಂದೆ ರಮಣ ಮಹರ್ಷಿಗಳ ಭಕ್ತರಾಗಿದ್ದರಿಂದ ಈತ ಬಾಲ್ಯ ಕಳೆದದ್ದು ತಿರುವಣ್ಣಾಮಲೈಯಲ್ಲಿ, ತೀರಿಕೊಂಡದ್ದು 2003ರಲ್ಲಿ ಕೊಡೈಕೆನಾಲಿನಲ್ಲಿ. ಎಲ್ಲ ಬಿಟ್ಟು ಬೆಟ್ಟದ ಬುಡದಲ್ಲಿ ಕೂರುವವರ ಊರಿನಲ್ಲಿ ಬೆಳೆದ ಹುಡುಗನೇ ಜಗತ್ತಿನ ಕೈಗೆ ಹನ್ನೊಂದು ಕಿಲೋ ಹೊರೆ ಕೊಟ್ಟ!

ಆಮೇಲೆ 2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ವೇದಿಕೆ ಮೇಲೆ ಆಫೀಸಿನ ಕಂದು ಲಕೋಟೆಯಿಂದ ಮ್ಯಾಕ್‌ಬುಕ್ ಏರ್ ಎಳೆದು ತೋರಿಸಿದರು. 1.36 ಕಿಲೋ. ಸಭೆ ಚಪ್ಪಾಳೆ ತಟ್ಟಿತು. ಇದ್ದದ್ದು ಒಂದೇ ಯುಎಸ್‌ಬಿ ಕಿಂಡಿ, ಸಿಡಿ ಹಾಕಲು ಜಾಗವಿಲ್ಲ, ವೇಗವೂ ಅಷ್ಟಕ್ಕಷ್ಟೇ. ಆದರೂ ಅಂದಿನಿಂದ ಲಕೋಟೆಯಲ್ಲಿ ಹಿಡಿಸದ ಲ್ಯಾಪ್‌ಟಾಪು ಇಟ್ಟುಕೊಂಡವರಿಗೆ ಒಂಥರಾ ನಾಚಿಕೆ. ದಿನಾ ಲ್ಯಾಪ್‌ಟಾಪನ್ನು ಲಕೋಟೆಯಲ್ಲಿ ಹಾಕಿ ಪೋಸ್ಟ್ ಮಾಡುವವರ ಹಾಗೆ!

ಇಷ್ಟಕ್ಕೂ ವೇಗ ಮತ್ತು ಹಗುರ ಎರಡೂ ಒಟ್ಟಿಗೆ ಯಾಕೆ ಸಿಗುವುದಿಲ್ಲ? ನಡುವೆ ಕೂತಿರುವ ವಿಲನ್ನು ಬಿಸಿ. ಪ್ರೊಸೆಸರನ್ನು ಇನ್ನಷ್ಟು ಜೋರಾಗಿ ಓಡಿಸಬೇಕಾದರೆ ವೋಲ್ಟೇಜು ಏರಿಸಬೇಕು, ಅದು ತಿನ್ನುವ ಕರೆಂಟು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಹಾಗಾಗಿ ಕೊನೆಯ ಒಂದು ಚೂರು ವೇಗಕ್ಕೆ ತೆರುವ ಬೆಲೆ ಬಲು ಜಾಸ್ತಿ. ತಿಂದ ಕರೆಂಟೆಲ್ಲ ಬಿಸಿಯಾಗಿಯೇ ಹೊರಗೆ ಬರಬೇಕು. ಬರಲು ತಾಮ್ರದ ಕೊಳವೆ, ಫ್ಯಾನು, ಗಾಳಿ ಆಡಲು ಜಾಗ ಬೇಕು. ಜಾಗ ಅಂದರೆ ದಪ್ಪ, ತಾಮ್ರ ಅಂದರೆ ತೂಕ. ತೆಳು ಯಂತ್ರಗಳಿಗೆಂದು ಇಂಟೆಲ್ಲಿನವರು ಬಹಳ ಕಾಲ ಕೊಟ್ಟದ್ದು ಹೆಸರಿನ ಕೊನೆಗೆ ಯು ಅಕ್ಷರದ, 15 ವ್ಯಾಟಿನ ಚಿಪ್ಪು. ದಪ್ಪನೆಯವಕ್ಕೆ ಎಚ್ ಅಕ್ಷರದ್ದು, 45 ವ್ಯಾಟ್. ಎರಡರ ಮೇಲೂ "ಐ7" ಅಂತ ಅದೇ ಮಿರಮಿರ ಮಿಂಚುವ ಚೀಟಿ. ಕೊಳ್ಳುವವರು ಚೀಟಿ ನೋಡುತ್ತಾರೆ, ಬಾಲದ ಅಕ್ಷರ ಯಾರೂ ಓದುವುದಿಲ್ಲ.

ಇನ್ನೊಂದು ಕಿತಾಪತಿ ಇದೆ. ಕೆಲಸ ಕೊಟ್ಟ ಮೊದಲ ಅರ್ಧ ನಿಮಿಷ, ಒಂದು ನಿಮಿಷ ಪ್ರೊಸೆಸರು ಮಿತಿ ಮೀರಿ ಕರೆಂಟು ಎಳೆದು ಭರ್ರೋ ಅಂತ ಓಡುತ್ತದೆ. ಆಮೇಲೆ ಮೈ ಕಾದು ತನ್ನ ನಿಜವಾದ ನಡಿಗೆಗೆ ಇಳಿಯುತ್ತದೆ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ಅದೇ. ಅಂಗಡಿಯವನು ತೆರೆದು ತೋರಿಸುವುದು ಈ ಎತ್ತೆತ್ತಿ ಒಗೆಯುವ ನಿಮಿಷವನ್ನೇ. ಮನೆಗೆ ತಂದು ಅರ್ಧ ಗಂಟೆಯ ಮದುವೆ ವಿಡಿಯೋ ಹಾಕಿ ಎಡಿಟಿಂಗಿಗೆ ಕೂತಾಗ ಉಳಿದ ಬಣ್ಣ ಗೊತ್ತಾಗುತ್ತದೆ. ಫ್ಯಾನಂತೂ ಗೊಂಯ್ ಅಂತ ಶುರುವಾದರೆ ಒಳಗಿನಿಂದ ಅಕ್ಕ, "ಎಕ್ಸಾಸ್ಟ್ ಫ್ಯಾನ್ ಹಾಕಿದ್ಯೇನೋ, ಒಗ್ಗರಣೆ ಇನ್ನೂ ಹಾಕಿಲ್ವಲ್ಲೋ!" ಅನ್ನಬೇಕು.

2020ರ ನವೆಂಬರಿನಲ್ಲಿ ಆಪಲ್‌ನವರು ತಮ್ಮದೇ ಎಂ1 ಚಿಪ್ಪು ಹಾಕಿ, ಫ್ಯಾನೇ ಇಲ್ಲದ ಏರ್ ಬಿಟ್ಟಾಗ ಈ ಜಗಳ ಅರ್ಧಕ್ಕರ್ಧ ತಣ್ಣಗಾಯಿತು ಅನ್ನುವುದನ್ನು ಒಪ್ಪಬೇಕು. ಫೋನಿನ ಚಿಪ್ಪಿನ ವಂಶದ್ದು, ಕಡಿಮೆ ತಿಂದು ಹೆಚ್ಚು ದುಡಿಯುವ ಜಾತಿ. ನನ್ನನ್ನು ಕೇಳಿದರೆ ದಿನಾ ಓಡಾಡುವವರಿಗೆ ಕಿಲೋ ಚಿಲ್ಲರೆ ತೂಕದ, ಹದಿನಾಲ್ಕು ಇಂಚಿನ ಒಳಗಿನ, 16 ಜಿಬಿ ರ‍್ಯಾಮಿನ ಯಾವುದಾದರೂ ಸಾಕೋ ಸಾಕು. ರ‍್ಯಾಮ್ ಮಾತ್ರ ಮೊದಲೇ ನೋಡಿಕೊಳ್ಳಿ. ತೆಳು ಯಂತ್ರಗಳಲ್ಲಿ ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಆಮೇಲೆ ಹೆಚ್ಚಿಸಲು ಬರುವುದಿಲ್ಲ.

ಬ್ಯಾಟರಿಯ ವಿಷಯವಂತೂ ಸ್ವಾರಸ್ಯ. ದೊಡ್ಡ ಲ್ಯಾಪ್‌ಟಾಪುಗಳ ಬ್ಯಾಟರಿ 99 ವ್ಯಾಟ್-ಅವರ್, 99.9 ಅಂತ ಬಂದು ಗಕ್ಕನೆ ನಿಲ್ಲುತ್ತದೆ. ನೂರು ದಾಟಿದರೆ ವಿಮಾನದಲ್ಲಿ ಒಯ್ಯಲು ಕಂಪನಿಯವರ ಅಪ್ಪಣೆ ಬೇಕು. ಅದಕ್ಕೇ ಈ ಬಾಟಾ ಅಂಗಡಿ ಲೆಕ್ಕ. ನಾವು ಹತ್ತುವುದು ಮೆಜೆಸ್ಟಿಕ್ಕಿನ ಕೆಂಪು ಬಸ್ಸಾದರೂ ನಮ್ಮ ಬ್ಯಾಟರಿ ಸದಾ ವಿಮಾನಕ್ಕೆ ತಯಾರು. ಆದರೆ ಅಷ್ಟು ದೊಡ್ಡ ಬ್ಯಾಟರಿ ಇದ್ದರೂ ಗೇಮಿಂಗ್ ಯಂತ್ರದ ಪ್ಲಗ್ಗು ಕಿತ್ತರೆ ಅದರ ಅರ್ಧ ಪೌರುಷ ಅಲ್ಲೇ ಗೋಡೆಯಲ್ಲಿ ಉಳಿಯಿತು. ಪೂರಾ ವೇಗಕ್ಕೆ ಬೇಕಾದಷ್ಟು ಕರೆಂಟನ್ನು ಬ್ಯಾಟರಿ ಕೊಡಲಾರದು. ಹಾಗಾದರೆ ಹೊತ್ತದ್ದು ಏನನ್ನು? ಆಸ್ಬೋರ್ನನ್ನೇ.

ಅದಕ್ಕೇ ನಾನು ಹುಡುಗನಿಗೆ ಹೇಳಿದ್ದು: "ಮೇಜು ಬಿಟ್ಟು ಏಳದೇ ಇರೋದಾದ್ರೆ ಡೆಸ್ಕ್‌ಟಾಪೇ ಜೋಡಿಸ್ಕೊಳ್ಳೋ. ಅದೇ ದುಡ್ಡಿಗೆ ಇದಕ್ಕಿಂತ ಜೋರಾಗಿ ಓಡತ್ತೆ, ಒಳಗೆ ಗಾಳಿ ಆಡಕ್ಕೂ ಜಾಗ ಇರತ್ತೆ." ಮುಖ ಹಿಂಡಿದ. "ಹಾಸ್ಟೆಲ್ಲಿಗೆ ಸಿಪಿಯು ಹೊತ್ಕೊಂಡು ಹೋಗ್ಲಾ ಮಾಮ?" ಮಾತಿನಲ್ಲಿ ನ್ಯಾಯ ಇತ್ತು, ಸುಮ್ಮನಾದೆ.

ಕೊನೆಗೆ ಎಸ್.ಪಿ. ರೋಡಿಗೆ ಸವಾರಿ ಹೊರಟಿತು. ಅಲ್ಲಿ ಒಂದು ಬಾಗಿಲಲ್ಲಿ ಮದರ್‌ಬೋರ್ಡು, ಪಕ್ಕದ ಬಾಗಿಲಲ್ಲಿ ಬೋಲ್ಟು-ನಟ್ಟು. ಅಂಗಡಿಯ ಹುಡುಗ ಹದಿನಾರು ಇಂಚಿನದೊಂದನ್ನು ಅಕ್ಕನ ಕೈಗಿಟ್ಟು "ಎರಡೂವರೆ ಕಿಲೋನೂ ಇಲ್ಲ ಮೇಡಂ" ಅಂದ. ಚಾರ್ಜರು ಮಾತ್ರ ಪೆಟ್ಟಿಗೆಯಲ್ಲೇ ಇತ್ತು. ತೂಕ ಹೇಳುವಾಗ ಚಾರ್ಜರನ್ನು ಯಾರೂ ಲೆಕ್ಕಕ್ಕೆ ಸೇರಿಸುವುದಿಲ್ಲ. ತೆಗೆಸಿದೆ. ಅಂಗೈ ಮೀರಿದ ಕರೀ ದಿಂಡು, ಎರಡು ಬೆರಳು ದಪ್ಪ, ಹೊಟ್ಟೆ ಮೇಲೆ 240 ವ್ಯಾಟ್ ಅಂತ ಸಣ್ಣಕ್ಷರ. ಗೋಡೆಗೆ ಹೋಗುವ ತಂತಿಯೇ ಇಸ್ತ್ರಿಪೆಟ್ಟಿಗೆಯದ್ದಕ್ಕೆ ಸಮ. "ಇದನ್ನೂ ತೂಗೋಣ" ಅಂದೆ. ಅಂಗಡಿಯಲ್ಲಿ ತಕ್ಕಡಿ ಇರಲಿಲ್ಲ, ಪಕ್ಕದ ಬೋಲ್ಟಿನವರ ಹತ್ತಿರ ಇತ್ತು. ಅವರು ಮೊಳೆ ಗುಡಿಸಿ ಪಕ್ಕಕ್ಕಿಟ್ಟು ಲ್ಯಾಪ್‌ಟಾಪು, ಚಾರ್ಜರು ಎರಡನ್ನೂ ಏರಿಸಿದರು.

"ಮೂರು ಕಿಲೋ ಇನ್ನೂರು. ಏನ್ ಸಾರ್, ಗುಜರಿಗಾ?"

ಅಕ್ಕ ಮಗನ ಮುಖ ನೋಡಿದಳು. ಮಗ ಕೀಬೋರ್ಡಿನ ದೀಪ ನೋಡುತ್ತಿದ್ದ. ಭಾವ ತಮ್ಮ ಬ್ಯಾಗಿನಿಂದ ಬಾಟಲಿ ತೆಗೆದು ನೀರು ಕುಡಿದರು. ಅದೇ ಆಯಿತು, ಅದನ್ನೇ ಕೊಂಡದ್ದೂ ಆಯಿತು. ಅಂಗಡಿಯವನು ಪುಕ್ಕಟೆ ಕೊಟ್ಟ ಬ್ಯಾಗು 15.6 ಇಂಚಿನದು, ಹದಿನಾರು ಇಂಚಿಗೆ ಜಿಪ್ಪು ಮುಕ್ಕಾಲು ದಾರಿ ಹೋಗಿ ನಿಂತುಬಿಟ್ಟಿತು. ಚಾರ್ಜರಿಗಂತೂ ಜಾಗವೇ ಇಲ್ಲ. "ಮಾಮ, ಮಾರ್ಕೆಟ್ ಮೆಟ್ರೋ ತನಕ ಅದೊಂದು ಹಿಡ್ಕೋತೀಯಾ?" ಅಂದ.