ಸೋದರಮಾವನ ಹೊಸ ಡ್ಯೂಟಿ

ಮದುವೆ ಗೊತ್ತಾದ ಮನೆಯಲ್ಲಿ ಮೊದಲು ಏಳುವುದು ಚಪ್ಪರ ಎಂದುಕೊಂಡಿದ್ದವನು ನಾನು. ಈಗ ಮೊದಲು ಏಳುವುದು ಬೋರ್ಡು. ಛತ್ರದ ಬಾಗಿಲಲ್ಲಿ ವಧೂವರರ ಹೆಸರು ಹೊತ್ತು ನಿಲ್ಲುವ ಬೋರ್ಡಲ್ಲ. ಪಿಂಟರೆಸ್ಟ್ ಎಂಬ ಆ್ಯಪ್‌ನಲ್ಲಿ ಯಾರ್ಯಾರದೋ ಫೋಟೋಗಳನ್ನು ಆರಿಸಿ ಆರಿಸಿ ಸಿಕ್ಕಿಸಿಡುವ ಬೋರ್ಡು. 2010ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಆ್ಯಪ್, ನಮ್ಮ ಅಕ್ಕನ ಮಗಳ ಮದುವೆಯ ಹೊತ್ತಿಗೆ ಪುರೋಹಿತರಿಗಿಂತ ಹಿರಿಯ ಸ್ಥಾನ ಪಡೆದಿತ್ತು. ಪುರೋಹಿತರನ್ನಾದರೂ ಅವಳು ನಡುವೆ ತಡೆದು ಪ್ರಶ್ನೆ ಕೇಳಿದಳು.

ಅವಳ ಬೋರ್ಡಿನ ಹೆಸರು ‘ನಾವಿಬ್ಬರು’. ಅದರಲ್ಲಿ ಅವರಿಬ್ಬರನ್ನು ಬಿಟ್ಟು ಮಿಕ್ಕ ಲೋಕವೆಲ್ಲ ಇತ್ತು. ಒಳಗೆ ಮತ್ತೆ ವಿಭಾಗಗಳು: ಕೈ ಹಿಡಿದು ನಡೆಯುವುದು, ಕೈ ಬಿಟ್ಟು ಓಡುವುದು, ಸುಮ್ಮನೆ ನಗುವುದು, ಕ್ಯಾಮೆರಾ ಇರುವುದೇ ಗೊತ್ತಿಲ್ಲದವರಂತೆ ನಗುವುದು. ಕೊನೆಯದಕ್ಕೆ ಹುಡುಗ ಕನ್ನಡಿಯ ಮುಂದೆ ಪ್ರಾಕ್ಟೀಸ್ ಮಾಡುತ್ತಿದ್ದನೆಂದು ಅವನ ತಾಯಿಯೇ ಹೇಳಿದರು.

“ನಮ್ಮದು ಯುನೀಕ್ ಆಗಿರಬೇಕು ಮಾಮ” ಎನ್ನುತ್ತಿದ್ದಳು. ಆದರೆ ಈ ಆ್ಯಪ್‌ನ ಸ್ವಭಾವ ಬೇರೆ. ಕೊಡೆಯ ಕೆಳಗೆ ನಿಂತ ಒಂದು ಜೋಡಿಯನ್ನು ಇಷ್ಟಪಟ್ಟು ಸೇವ್ ಮಾಡಿದಿರೋ, ಮಾರನೆಯ ದಿನ ಪ್ರಪಂಚದ ಕೊಡೆಗಳೆಲ್ಲ ಬಂದು ಹೊಸ್ತಿಲಲ್ಲಿ ನಿಲ್ಲುತ್ತವೆ. ಮೈಸೂರಿನವಳಿಗೂ ಅವೇ ಕೊಡೆ, ಮೆಕ್ಸಿಕೋದವಳಿಗೂ ಅವೇ. ಫೋಟೋಗ್ರಾಫರ್ ಹುಡುಗ ಬೋರ್ಡನ್ನು ಬೆರಳಲ್ಲಿ ಒಂದೆರಡು ಸಲ ಸರಿಸಿ, “ಗೊತ್ತಾಯ್ತು ಬಿಡಿ ಮೇಡಂ, ಹೋದ ವಾರ ಮಂಡ್ಯದವರದ್ದೂ ಇದೇ” ಎಂದ. ಆ ಕ್ಷಣ ಅವಳ ಮುಖದಲ್ಲಿ ಮೂಡಿದ್ದೇ ಯುನೀಕ್ ಆದ ಭಾವ. ಅದನ್ನು ಯಾರೂ ಕ್ಲಿಕ್ಕಿಸಲಿಲ್ಲ.

ಹಳೆಯದೇ ಚಂದವಿತ್ತು ಎನ್ನುವ ಜಾತಿಯವನಲ್ಲ ನಾನು. ನಮ್ಮಪ್ಪ ಅಮ್ಮನ ಫೋಟೋ ತೆಗೆದ ಸ್ಟುಡಿಯೋದಲ್ಲೂ ಇದ್ದದ್ದು ಇಂಥದೇ ವ್ಯವಹಾರ. ಹಿಂದೆ ಬಣ್ಣ ಬಳಿದ ಪರದೆ: ಕೊಳ, ಮೆಟ್ಟಿಲು, ಊಟಿಯೋ ಸ್ವರ್ಗವೋ ಹೇಳಲಾಗದ ಗುಡ್ಡ. ಪಕ್ಕದಲ್ಲಿ ಸ್ಟೂಲು, ಮೇಲೆ ಪ್ಲಾಸ್ಟಿಕ್ ಹೂವು. ಅಪ್ಪ ತೊಟ್ಟ ಕೋಟು ಸ್ಟುಡಿಯೋದವರದು. ಊರಿನ ಅರ್ಧ ಗಂಡಸರ ಫೋಟೋಗಳಲ್ಲಿ ಅದೇ ಕೋಟು ಬೇರೆ ಬೇರೆ ಮುಖ ಹೊತ್ತು ನಿಂತಿದೆ. ವ್ಯತ್ಯಾಸ ಒಂದೇ. ಆಗ ಪರದೆಯನ್ನು ಊರೆಂದು ನಂಬಿಸುತ್ತಿದ್ದರು. ಈಗ ಖರ್ಚು ಮಾಡಿಕೊಂಡು ನಿಜವಾದ ಊರಿಗೇ ಹೋಗಿ, ಅದನ್ನು ಪರದೆ ಮಾಡಿ ಬರುತ್ತಾರೆ.

ನಾವು ಹೋದದ್ದು ಮೇಲುಕೋಟೆಗೆ. ಮಂಟಪಕ್ಕೆ ಹುಡುಗಿಯನ್ನು ಕರೆತರುವುದು ಸೋದರಮಾವನ ಹಕ್ಕು ಎಂದು ಕೇಳಿದ್ದೆ. ಶೂಟಿಂಗಿಗೆ ಕರೆದೊಯ್ಯುವುದೂ ಅದರಲ್ಲೇ ಸೇರಿದೆಯಂತೆ. ಕಟ್ಟಿ ಮುಗಿಸದೆ ಬಿಟ್ಟ ರಾಯಗೋಪುರದ ಎತ್ತರದ ಕಂಬಗಳ ನಡುವೆ ನಿಂತು ಸಂಜೆಯ ಹೊಂಬಿಸಿಲಿಗಾಗಿ ಕಾದೆವು. ಬೋರ್ಡಿನ ಹೊಂಬಿಸಿಲೆಲ್ಲ ಯೂರೋಪಿನದು. ಪ್ಯಾರಿಸ್‌ನಲ್ಲಿ ಜೂನ್ ತಿಂಗಳಲ್ಲಿ ರಾತ್ರಿ 9.30 ಆದರೂ ಸೂರ್ಯ ಮುಳುಗುವುದಿಲ್ಲ. ಹೊರಟ ನೆಂಟರು ಗೇಟಿನ ಹತ್ತಿರ ಮಾತಿಗೆ ನಿಂತಂತೆ ಓರೆಯಾಗಿ ನಿಂತೇ ಇರುತ್ತಾನೆ. ನಮ್ಮ ಕಡೆ ಭೂಮಧ್ಯರೇಖೆ ಹತ್ತಿರ. ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿದು ಹೋಗುತ್ತಾನೆ. ಹುಡುಗಿಯ ಕೂದಲು ಸರಿಮಾಡುವಷ್ಟರಲ್ಲಿ ಅರ್ಧ ಹೊಂಬಿಸಿಲು ಖಾಲಿ.

ಉಳಿದರ್ಧದಲ್ಲಿ ಗೌನು ಹಾರಿಸಬೇಕಿತ್ತು. ಬಾಡಿಗೆಗೆ ತಂದ ಕೆಂಪು ಗೌನು, ಹಿಂದೆ ಮಾರುದ್ದದ ಬಾಲ. ಬೋರ್ಡಿನಲ್ಲಿ ಅದು ಗಾಳಿಗೆ ತಾನಾಗಿ ಹಾರುತ್ತದೆ. ಇಲ್ಲಿ ಹುಡುಗನ ತಮ್ಮ ಅದರ ತುದಿ ಹಿಡಿದು, “ಒನ್, ಟೂ, ತ್ರೀ” ಎಂದೊಡನೆ ಮೇಲಕ್ಕೆ ಎಸೆದು ಕಂಬದ ಹಿಂದೆ ಓಡಿ ಅವಿತುಕೊಳ್ಳಬೇಕು. ಓಡುವುದು ತಡವಾದರೆ ಫೋಟೋದಲ್ಲಿ ಪ್ರೇಮಿಗಳ ಹಿಂದೆ ಒಂದು ಕಾಲು. ಬಟ್ಟೆ ಹಾರಿದಾಗಲೆಲ್ಲ ಗೋಡೆಯ ಮೇಲಿನ ಕೋತಿಗಳು ಎದ್ದು ಕೂರುತ್ತಿದ್ದವು. ಪುಳಿಯೋಗರೆ ಕಟ್ಟಿಸಿಕೊಂಡು ಬಂದಿದ್ದ ಒಂದು ಸಂಸಾರ ಕೆಳಗೆ ಕೂತು ಉಣ್ಣುತ್ತಾ, ಅವನು ಚೆನ್ನಾಗಿ ಎಸೆದಾಗ ಭೇಷ್ ಎನ್ನುತ್ತಿತ್ತು.

ಫೋಟೋಗ್ರಾಫರನದು 85 ಎಂಎಂ ಲೆನ್ಸು. ಅಪರ್ಚರನ್ನು 1.4ಕ್ಕೆ ತೆರೆದರೆ ಮುಖ ಸ್ಫಟಿಕದಂತೆ, ಹಿಂದಿನದೆಲ್ಲ ಕರಗಿದ ಬೆಣ್ಣೆ. ಅಷ್ಟು ದೊಡ್ಡ ಗೋಪುರವನ್ನು ಅವನು ಒಂದು ಬೆರಳಿನಲ್ಲಿ ಅಳಿಸಿಹಾಕಿದ. ಉಳಿದದ್ದನ್ನು ಮುಚ್ಚಲು, ಕೆಳಗಿನ ಬಯಲಿಗಿಳಿದ ಮೇಲೆ, ಬೋರ್ಡಿನ ಅಪ್ಪಣೆಯಂತೆ ಬಿಳಿ ಹೊಗೆಯ ಡಬ್ಬಿ ಹಚ್ಚಿದರು. ಜೋಡಿ ಕೆಮ್ಮು ತಡೆದುಕೊಂಡು ಹಣೆಗೆ ಹಣೆ ತಾಗಿಸಿ ನಿಂತಿತು.

ಆರತಕ್ಷತೆಯ ದಿನ ದೊಡ್ಡ ಎಲ್‌ಇಡಿ ಪರದೆಯ ಮೇಲೆ ಅದೆಲ್ಲ ಬಂತು. ಮುಂದಿನ ಸಾಲಿನಲ್ಲಿ ಹುಡುಗನ ಅಜ್ಜಿ, ಮೇಲುಕೋಟೆಯಲ್ಲೇ ಹುಟ್ಟಿ ಬೆಳೆದವರು, ಕನ್ನಡಕ ಏರಿಸಿ ಇಳಿಸಿ ನೋಡುತ್ತಿದ್ದರು.

“ಎಲ್ಲಿ ತೆಗೆಸಿದ್ರಪ್ಪ, ಊಟೀಲಾ?”

“ಅಯ್ಯೋ, ನಿಮ್ಮೂರೇ ಅಜ್ಜಿ, ರಾಯಗೋಪುರ” ಎಂದೆ.

ಅಜ್ಜಿ ಮತ್ತೊಮ್ಮೆ ದಿಟ್ಟಿಸಿ ನೋಡಿ, ಪಕ್ಕದಲ್ಲಿದ್ದ ಮಗನ ತೋಳು ಹಿಡಿದೆಳೆದರು. “ಹೇಳ್ತಾನೇ ಇದೀನಿ, ನೀನು ಕೇಳ್ತಿಲ್ಲ. ಪೊರೆ ತೆಗೆಸಿದ್ದು ಸರಿಯಾಗಿಲ್ಲ ಕಣೋ. ನಾಳೆನೇ ಡಾಕ್ಟರ ಹತ್ರ ಕರ್ಕೊಂಡು ಹೋಗು.”