ಜಕ್ಕವಕ್ಕಿಯ ತಕರಾರು

ಗದಗ ಜಿಲ್ಲೆಯ ಮಾಗಡಿ ಕೆರೆಯ ದಂಡೆಯಲ್ಲಿ, ಪಟ್ಟೆತಲೆಯ ಹೆಬ್ಬಾತುಗಳ ಗದ್ದಲದಿಂದ ಕೊಂಚ ದೂರ ಸರಿದು, ಪತ್ನೀಸಮೇತನಾಗಿ ಬಿಸಿಲು ಕಾಯಿಸುತ್ತಿದ್ದ ಗಂಡು ಜಕ್ಕವಕ್ಕಿಯೊಂದು, ಶತಮಾನಗಳಿಂದಲೂ ಕಾವ್ಯಲೋಕಕ್ಕೆ ಕಣ್ಣೀರನ್ನು ಒದಗಿಸುತ್ತ ಬಂದಿರುವ ವಂಶದ ಪ್ರತಿನಿಧಿಯಾಗಿ, ನನ್ನ ಪ್ರಶ್ನೆಗಳಿಗೆ ಉತ್ತರವೀಯಲು ಸಮ್ಮತಿಸಿತು.

“ಮೊದಲು ತಮ್ಮ ವಿರಹಕ್ಕೆ ನನ್ನ ಸಂತಾಪ.”

“ಯಾವ ವಿರಹ, ಸ್ವಾಮಿ? ಸೂರ್ಯನು ಮುಳುಗಿದೊಡನೆ ನಾನೊಂದು ದಡದಲ್ಲಿ, ಇವಳೊಂದು ದಡದಲ್ಲಿ ನಿಂತು ರೋದಿಸುವೆವೆಂದು ಶಾಪದ ಕಥೆ ಕಟ್ಟಿದವರು ನೀವು. ಕಾಳಿದಾಸನಂಥವನೂ ಯಕ್ಷಪತ್ನಿಯ ದುಃಖವನ್ನು ಬಣ್ಣಿಸಲು ನಮ್ಮವಳನ್ನೇ ಎರವಲು ಪಡೆದನು. ಅನುಮತಿಯನ್ನು ಮಾತ್ರ ಕೇಳಲಿಲ್ಲ. ಹಗಲೆಲ್ಲ ಮರಳದಿಣ್ಣೆಯ ಮೇಲೆ ತೂಕಡಿಸಿ, ಕತ್ತಲಾದ ಮೇಲೆ ಮೇವಿಗೆ ಹೊರಡುವ ನಾವು, ನಾಲ್ಕು ಮಾರು ಅಗಲಿದಾಗ ‘ಎಲ್ಲಿರುವೆ?’ ‘ಇಲ್ಲಿರುವೆ’ ಎಂದು ಕೂಗಿಕೊಳ್ಳುವುದುಂಟು. ಗೃಹಸ್ಥರ ಈ ಸಾಮಾನ್ಯ ಸಂಭಾಷಣೆಯನ್ನು ದೂರದಿಂದ ಆಲಿಸಿದ ಕವಿಯು ಶಾಸ್ತ್ರೋಕ್ತವಾಗಿ ಅತ್ತುಬಿಟ್ಟನು.”

“ಮೈಮೇಲೆ ಕಾವಿಯಂತೂ ಇದೆಯಲ್ಲ?”

“ಇರುವುದು ಗರಿಯಲ್ಲಿ. ತಲೆ ಮಾಸಲು ಬಿಳುಪು, ಬಾಲ ಕಪ್ಪು. ರೆಕ್ಕೆ ಬಿಚ್ಚಿದರೆ ಅಗಲವಾದ ಬೆಳ್ಪಟ್ಟೆಯೂ ಹಸುರು ಮಿಂಚೂ ಗೋಚರಿಸುವುವು. ಸಂತಾನಕಾಲದಲ್ಲಿ ನನ್ನ ಕೊರಳಿಗೊಂದು ಕರಿಯ ಉಂಗುರ ಮೂಡುವುದು; ಇವಳಿಗೆ ಆ ಆಭರಣವಿಲ್ಲ.” (ಶ್ರೀಮತಿಯವರು ಕತ್ತು ಹೊರಳಿಸಿದರು.) “ಇನ್ನು ಹುಲ್ಲಿನ ಚಿಗುರು, ಕಾಳುಕಡಿಗಳೊಡನೆ ಬಸವನಹುಳು, ಕಪ್ಪೆಗಳನ್ನೂ ಸ್ವೀಕರಿಸುತ್ತೇವೆ. ಉಡುಪನ್ನು ನೋಡಿ ಊಟವನ್ನು ಊಹಿಸುವ ಅಭ್ಯಾಸ ನಿಮ್ಮ ಜನರದು.”

“ಬೇಸಗೆಯ ಬಿಡಾರ?”

“ಲಡಾಖ್, ಟಿಬೆಟ್ಟುಗಳ ಎತ್ತರದ ಸರೋವರಗಳ ಆಸುಪಾಸು. ಬಂಡೆಯ ಬಿರುಕಿನಲ್ಲೋ ಬಿಲದಲ್ಲೋ ಎಂಟು ಮೊಟ್ಟೆಗಳು. ಇವಳು ನಾಲ್ಕು ವಾರ ಕಾವು ಕೂರುವಳು, ನಾನು ಕಾವಲು ನಿಲ್ಲುವೆ.”

“ಕಾವಲು ಮಾತ್ರವೇ?”

“ಅದೂ ಉದ್ಯೋಗವೇ! ಹಿಮಾಲಯವನ್ನು ದಾಟುವಾಗ ನಮ್ಮವರು 6,800 ಮೀಟರ್ ಎತ್ತರಕ್ಕೇರಿದ್ದನ್ನು ವಿಜ್ಞಾನಿಗಳು ಮೈಗೆ ಯಂತ್ರ ಕಟ್ಟಿ ಅಳೆದು 2017ರಲ್ಲಿ ಪ್ರಕಟಿಸಿದರು. ಆದರೂ ಪರ್ವತ ದಾಟಿದ ಕೀರ್ತಿಯೆಲ್ಲ ಆ ಪಟ್ಟೆತಲೆಯವರಿಗೆ. ನಮ್ಮ ಪಾಲಿಗೆ ಅದೇ ಹಳೆಯ ಕಣ್ಣೀರು. ಪ್ರತಿಭಟನಾಪತ್ರವನ್ನು ಯಾವ ಪರಿಷತ್ತಿಗೆ ಸಲ್ಲಿಸಬೇಕೆಂಬುದನ್ನಾದರೂ ತಿಳಿಸುವಿರಾ?”

ತಿಳಿಸಲು ನಾನು ಅಶಕ್ತನಾದುದರಿಂದ, ಮಾತು ಬದಲಿಸಿ, ಕವಿಗಳಿಗೆ ಹೇಳುವುದೇನಾದರೂ ಉಂಟೇ ಎಂದು ಶ್ರೀಮತಿಯವರತ್ತ ತಿರುಗಿದೆ. ಆವರೆಗೂ ಮೌನವಾಗಿದ್ದ ಆ ಸಾಧ್ವಿಯು ಶಾಂತಸ್ವರದಲ್ಲಿ ನುಡಿದಳು:

“ಅವರನ್ನೇಕೆ ದೂರಲಿ? ವರ್ಷವಿಡೀ ಇವರ ಈ ತಕರಾರನ್ನು ಪಕ್ಕದಲ್ಲಿಯೇ ಕುಳಿತು ಕೇಳುವವಳು ನಾನು. ರಾತ್ರಿಯ ಮಟ್ಟಿಗಾದರೂ ಆ ಶಾಪವು ಫಲಿಸುವುದಾದರೆ, ನನ್ನದೇನೂ ಅಭ್ಯಂತರವಿಲ್ಲ.”