ಸಕುಟುಂಬ ಸಮುದ್ರದರ್ಶನ ಮೀಮಾಂಸೆ

ಉಪೋದ್ಘಾತ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಬಿದ್ದ ಮಳೆಯ ಹನಿಯು, ಲಕ್ಷ್ಮಣತೀರ್ಥದ ಮೂಲಕವಾಗಲಿ ಕಪಿಲೆಯ ಮೂಲಕವಾಗಲಿ ನೇರವಾಗಿಯೇ ಆಗಲಿ ಕಾವೇರಿಯನ್ನು ಸೇರಿ, ಎರಡು ರಾಜ್ಯಗಳ ವ್ಯಾಜ್ಯವನ್ನು ಹಾದು, ಪೂರ್ವಸಮುದ್ರವನ್ನೇ ಮುಟ್ಟುತ್ತದೆಂಬುದು ಭೂಗೋಳಶಾಸ್ತ್ರದಿಂದ ಸಿದ್ಧವಾದ ವಿಷಯ. ಅದೇ ನೀರನ್ನು ಕುಡಿದು ಬೆಳೆದ ಸಂಸಾರಿಯು ಮಾತ್ರ, ಎರಡನೆಯ ಶನಿವಾರವು ಭಾನುವಾರದೊಡನೆ ಕೂಡಿಕೊಂಡೊಡನೆಯೇ, ಪಶ್ಚಿಮಸಮುದ್ರದ ಕಡೆಗೆ ಧಾವಿಸುವುದೇಕೆ ಎಂಬ ಪ್ರಶ್ನೆಯನ್ನು ಪೂರ್ವಾಚಾರ್ಯರಾರೂ ಎತ್ತಿದಂತೆ ತೋರದುದರಿಂದ, ಆ ನ್ಯೂನತೆಯನ್ನು ಪರಿಹರಿಸಲು ಈ ಪ್ರಬಂಧವು ಪ್ರವೃತ್ತವಾಗಿದೆ. ನಿದರ್ಶನಕ್ಕಾಗಿ ವೀರನಹೊಸಹಳ್ಳಿಯ ಒಂದು ಕುಟುಂಬವನ್ನೂ, ಗಮ್ಯಸ್ಥಾನವಾಗಿ ಕಾಸರಗೋಡು ಜಿಲ್ಲೆಯ ಬೇಕಲ ಕೋಟೆಯನ್ನೂ ಅಂಗೀಕರಿಸಲಾಗಿದೆ.

ಅಧಿಕಾರಿನಿರ್ಣಯ

ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ ಹದಗೊಳಿಸಿ, ಹರಾಜಿನಲ್ಲಿ ಮಾರಿ, ಸಾಲವೆಲ್ಲ ತೀರಿದ ಮೇಲೂ ಕೈಯಲ್ಲಿ ನಾಲ್ಕು ಕಾಸು ಉಳಿಸಿಕೊಂಡ ಗೃಹಸ್ಥನೇ ಈ ಯಾತ್ರೆಗೆ ಮುಖ್ಯಾಧಿಕಾರಿ. ಪತ್ನಿ, ಮಕ್ಕಳು, ವೃದ್ಧಮಾತೆ ಇವರು ಸಹಾಧಿಕಾರಿಗಳು. ಎಲ್ಲ ದಾರಿಗಳನ್ನೂ ಬಲ್ಲೆನೆಂದು ಘೋಷಿಸುವ ಭಾವಮೈದುನನಿಗೆ ಯಾವ ಅಧಿಕಾರವೂ ಇಲ್ಲವಾದರೂ, ಟೆಂಪೋ ಟ್ರಾವೆಲರಿನ ಮುಂದಿನ ಆಸನವು ಅವನಿಗೇ ಸಲ್ಲತಕ್ಕದ್ದು.

ಪ್ರಸ್ಥಾನಪ್ರಕರಣ

ಮೈಸೂರು ದಸರೆಯ ಗಜಪಯಣವು ಪ್ರಾರಂಭವಾಗುವುದು ಇದೇ ವೀರನಹೊಸಹಳ್ಳಿಯಿಂದ. ಟನ್ನುಗಟ್ಟಲೆ ತೂಗುವ ಆ ಮಹಾಕಾಯಗಳು ಗಣ್ಯರ ಸಮಕ್ಷಮದಲ್ಲಿ ಪೂಜೆಗೊಂಡು, ಕಬ್ಬುಬೆಲ್ಲಗಳನ್ನು ಮೆದ್ದು, ಲಾರಿಯನ್ನೇರಿ ಗಂಭೀರವಾಗಿ ಹೊರಡುವುದನ್ನು ಕಣ್ಣಾರೆ ಕಂಡ ಗ್ರಾಮಸ್ಥರೇ, ಬೆಳಗಿನ ಐದಕ್ಕೆಂದು ನಿಶ್ಚಯಿಸಿದ ತಮ್ಮ ಪ್ರಯಾಣವನ್ನು ಎಂಟರೊಳಗೆ ಆರಂಭಿಸಲಾರದೆ ಹೋಗುವುದಕ್ಕೆ ಕಾರಣವೇನು? ವಿಮರ್ಶಿಸಿದರೆ ತಿಳಿಯುವುದು ಇಷ್ಟು: ಆನೆಯು ಹುಣಸೂರಿನವರೆಗೆ ಹೋಗಿ, ಗ್ಯಾಸ್ ಆರಿಸಿದೆವೋ ಇಲ್ಲವೋ ಎಂದು ನೋಡಲು ಹಿಂದಿರುಗಿ ಬಾರದು, ಮತ್ತು ಆನೆಗೆ ಭಾವಮೈದುನನಿಲ್ಲ.

ಮಡಿಕೇರಿ, ಭಾಗಮಂಡಲಗಳನ್ನು ದಾಟಿ ಕರಿಕೆಯ ತಿರುವುಗಳಲ್ಲಿ ಘಟ್ಟವನ್ನಿಳಿಯುವಾಗ ಮಕ್ಕಳ ಮುಖವು ಬಿಳಿಚಿಕೊಳ್ಳಲು, ಯಜಮಾನಿಯು, “ಅತ್ತೆ, ನಿಂಬೆಹಣ್ಣು ನಿಮ್ಮ ಚೀಲದಲ್ಲೇ ಇಟ್ಟಿದ್ದೆನಲ್ಲ?” ಎಂದು ಕೇಳುತ್ತಾಳೆ. “ಹೊರಡುವಾಗ ಚಕ್ರದ ಕೆಳಗಿಟ್ಟು ಹತ್ತಿಸಿದ್ದು ಅದನ್ನೇ ಅಲ್ವೇನವ್ವ” ಎಂದು ಅತ್ತೆಯ ಉತ್ತರ. ಒಂದೇ ನಿಂಬೆಯನ್ನು ದೃಷ್ಟಿದೋಷಕ್ಕೂ ವಮನದೋಷಕ್ಕೂ ವಿನಿಯೋಗಿಸಲು ಬಾರದೆಂಬ ನ್ಯಾಯವು ಅಲ್ಲಿಯೇ, ಕಿಟಕಿಯ ಬಳಿ, ಸಪ್ರಮಾಣವಾಗಿ ಸಿದ್ಧವಾಗುತ್ತದೆ.

ದುರ್ಗಪ್ರಕರಣ

ಕೆಳದಿಯ ಶಿವಪ್ಪನಾಯಕನು 17ನೆಯ ಶತಮಾನದ ಮಧ್ಯಭಾಗದಲ್ಲಿ ಕಟ್ಟಿಸಿದನೆಂದು ಪ್ರಸಿದ್ಧವಾಗಿ, ಸುಮಾರು 40 ಎಕರೆಗಳಷ್ಟು ಹಬ್ಬಿ, 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದ ತರುವಾಯ ಮೈಸೂರಿಗೆ ಸಂದು, 1799ರಲ್ಲಿ ಟಿಪ್ಪುವಿನ ಪತನಾನಂತರ ಕಂಪನಿಯ ವಶವಾಗಿ, ಬಹುಕಾಲ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿದ ಈ ದುರ್ಗದ ಬಾಗಿಲಲ್ಲಿ ನಿಂತು, “ಕಟ್ಟಿಸಿದವನು ನಮ್ಮವನು, ಆಳಿದವರು ನಮ್ಮವರು, ನಮಗೇಕೆ ಟಿಕೆಟ್ಟು?” ಎಂದು ಯಜಮಾನನು ಮಂಡಿಸುವ ಪೂರ್ವಪಕ್ಷವು ಎಷ್ಟೇ ಪ್ರಬಲವಾಗಿದ್ದರೂ, ಟಿಕೆಟ್ಟು ಹರಿಯುವವನು “ಎಷ್ಟು ಜನ?” ಎಂಬ ಎರಡೇ ಪದಗಳಿಂದ ಅದನ್ನು ನಿಶ್ಶೇಷವಾಗಿ ಖಂಡಿಸಿಬಿಡುತ್ತಾನೆ. ಭಾವಮೈದುನನಿಗಾದರೋ ಇತಿಹಾಸವು ಪ್ರಾರಂಭವಾಗುವುದು 1995ರಲ್ಲಿ. ಆ ವರ್ಷ ತೆರೆಕಂಡ ‘ಬಾಂಬೆ’ ಚಲನಚಿತ್ರದ ನಾಯಕನು ಹಾಡುತ್ತ ನಿಂತ ಕೊತ್ತಳ ಯಾವುದೆಂಬ ಅನ್ವೇಷಣೆಯಲ್ಲಿ ಅವನು ಒಂದು ತಾಸು ಅದೃಶ್ಯನಾಗುತ್ತಾನೆ.

ಕೋಟೆಯ ಹೊರಗೋಡೆಯಲ್ಲಿರುವ ಗುಂಡಿನ ಕಂಡಿಗಳು ವಿಶೇಷವಾಗಿ ಪರಿಶೀಲನಾರ್ಹ. ಮೇಲಿನ ಕಂಡಿಯು ದೂರದ ಶತ್ರುವಿಗೆ, ನಡುವಿನದು ಸಮೀಪಿಸಿದವನಿಗೆ, ಕೆಳಗಿನದು ಗೋಡೆಯ ಬುಡಕ್ಕೇ ಬಂದವನಿಗೆ. ಅಜ್ಜಿಯ ಶಿಕ್ಷಾಕ್ರಮವೂ ಇಂತೆಯೇ ಮೂರು ಅಂತಸ್ತುಗಳದು: ಕೊತ್ತಳದ ಅಂಚಿಗೆ ಓಡಿದ ಮೊಮ್ಮಗನಿಗೆ “ಬಾರ್ಲಾ ಇಲ್ಲಿ!” ಎಂಬ ದೂರಗಾಮಿ ಗರ್ಜನೆ, ಹತ್ತು ಹೆಜ್ಜೆ ಹತ್ತಿರವಾದವನಿಗೆ ಕೆಂಗಣ್ಣು, ಸೆರಗಿನ ಅಳವಿಗೆ ಸಿಕ್ಕಿದವನಿಗೆ ತೊಡೆಯ ಒಳಭಾಗದ ಚಿವುಟು.

ಶತ್ರುನೌಕೆಗಳನ್ನು ಕಾಣುವುದಕ್ಕಾಗಿ ಕೋಟೆಯ ನಡುವೆ ನಿರ್ಮಿತವಾದ ವೀಕ್ಷಣಾಗೋಪುರವನ್ನು ಏದುಸಿರು ಬಿಡುತ್ತ ಏರಿದ ಯಜಮಾನನು, ಅನಂತವಾದ ಅರಬ್ಬೀಸಮುದ್ರಕ್ಕೆ ಬೆನ್ನು ಮಾಡಿ, ತನ್ನ ವಾಹನವು ನಿಲ್ಲಿಸಿದಲ್ಲಿಯೇ ಇದೆಯೇ ಎಂದು ಮೊದಲು ನೋಡುತ್ತಾನೆ.

ಸಮುದ್ರಪ್ರಕರಣ

ಯಜಮಾನನು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚುತ್ತಾನೆ. ಅಜ್ಜಿಯು ತಲೆಗೆ ನೀರು ಪ್ರೋಕ್ಷಿಸಿಕೊಳ್ಳುತ್ತಾಳೆ. ಯಜಮಾನಿಯು ಎಲ್ಲರ ಚಪ್ಪಲಿ ಕಾಯುತ್ತಾಳೆ. ತರುವಾಯ ಮರಳಿನ ಮೇಲೆ ಪುಳಿಯೋಗರೆ, ಪುಳಿಯೋಗರೆಯ ಮೇಲೆ ಮರಳು. ಸಮುದ್ರದ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಹೇಳತಕ್ಕದ್ದೇನೂ ಇಲ್ಲ.

ಸಿದ್ಧಾಂತ

ಸಮುದ್ರತೀರದಲ್ಲಿ ಎಳನೀರಿನ ಬೊಂಡ ಕೊಚ್ಚಿಕೊಡುವವನೊಡನೆ ನಡೆಯುವ ಸಂವಾದವೇ ಸಮಸ್ತ ಪ್ರಬಂಧದ ಮೂಲಪ್ರಮಾಣ.

“ನೀವು ಎಲ್ಲಿಂದ ಬಂದದ್ದು?”

“ಹುಣಸೂರು ಕಡೆ, ವೀರನಹೊಸಹಳ್ಳಿ.”

“ನಾಗರಹೊಳೆಯ ಹತ್ತಿರ ಅಲ್ವಾ? ಹೋದ ವರ್ಷ ಆನೆ ನೋಡ್ಲಿಕ್ಕೆ ಮನೆಯವರೆಲ್ಲ ಬಂದಿದ್ದೆವು. ನೀವು ವಾರವಾರ ಹೋಗ್ತೀರಿ ಕಾಣ್ತದೆ.”

“ನಾವ್ಯಾಕೆ ಹೋಗೋಣ? ಆನೆಗಳೇ ನಮ್ಮ ಹೊಲಕ್ಕೆ ಬರ್ತವೆ. ನೀವು ದಿನಾ ಕೋಟೆ ಹತ್ತುತ್ತೀರೇನೋ?”

“ಶಾಲೆಯಲ್ಲಿದ್ದಾಗ ಮಾಸ್ಟ್ರು ಒಮ್ಮೆ ಕರ್ಕೊಂಡು ಹೋಗಿದ್ರು.”

ಮೈಸೂರು ಅರಸರ ಬೇಟೆಯ ಕಾಡಾಗಿದ್ದು, 1955ರಲ್ಲಿ ಅಭಯಾರಣ್ಯವೂ 1988ರಲ್ಲಿ ರಾಷ್ಟ್ರೀಯ ಉದ್ಯಾನವೂ ಆದ ನಾಗರಹೊಳೆಗೆ, ವೀರನಹೊಸಹಳ್ಳಿಯ ದ್ವಾರದಲ್ಲಿ ದೂರದೂರದವರು ಸಾಲುಗಟ್ಟಿ ಸಫಾರಿಗೆ ಕಾಯುವಾಗ, ಆ ಊರಿನವನಿಗೆ ಕಾಡೆಂದರೆ ಹಳೆಯ ರೈಲುಕಂಬಿಗಳ ತಡೆಬೇಲಿ ಮತ್ತು ತುಳಿತಕ್ಕೆ ಸಿಕ್ಕಿದ ಬೆಳೆ. ಬೇಕಲದವನಿಗೆ ಕೋಟೆಯೆಂದರೆ ಬೊಂಡ ಕೊಳ್ಳುವವರು ಬರುವ ದಿಕ್ಕು. ಆದುದರಿಂದ ಸಿದ್ಧಾಂತವಿಷ್ಟು: ಯಾವ ವಸ್ತುವು ಮನೆಯಿಂದ ವಾಂತಿ ಬರುವಷ್ಟು ದೂರದಲ್ಲಿದೆಯೋ, ಅದೊಂದೇ ಪ್ರೇಕ್ಷಣೀಯ. ಇದನ್ನು ಖಂಡಿಸಬಯಸುವ ವಿದ್ವಾಂಸರು ಯಾವುದಾದರೊಂದು ರಜೆಯ ದಿನ ತಮ್ಮ ಊರಿನ ಉದ್ಯಾನಕ್ಕೇ ಸಕುಟುಂಬರಾಗಿ ಹೋಗಿ ತೋರಿಸತಕ್ಕದ್ದು. ಉಳಿದವರು, ಯಾವ ಸಮುದ್ರಕ್ಕೇ ಹೊರಡಲಿ, ನಿಂಬೆಹಣ್ಣು ಎರಡನ್ನು ಒಯ್ಯಬೇಕೆಂದು ಪ್ರಾರ್ಥನೆ.